ರಷ್ಯದ ಮೇರಿಯಮ್ಮ, ಜಯನಗರದ ಆಧುನಿಕ

"ಕೈ ಮುಗೀಬೇಡಿ ಮೇಡಂ, ಇದು ಬರೀ ಹಲಗೆ, ಬಣ್ಣ," ಎಂದು ಉಪನ್ಯಾಸಕ ರಾಮಪ್ರಸಾದ ಮುಂದಿನ ಸಾಲಿನ ಪಂಕಜಮ್ಮನವರನ್ನು ಗದರಿದ. ರಷ್ಯದ ಚರ್ಚೊಂದರ ಮೇರಿಯಮ್ಮನ ಚಿತ್ರವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಂಡು, ಭಕ್ತಿಯೇ ಕಲೆಯ ಶತ್ರು ಎಂದು ಆತ ಒಂದು ಯುಗದಿಂದ ಕೊರೆಯುತ್ತಿದ್ದ. ಜಯನಗರದ ಸೊಳ್ಳೆಗಳೂ ಬೇಸತ್ತು ಬನಶಂಕರಿಗೆ ವಲಸೆ ಹೋಗಿದ್ದವು. ಇವತ್ತು ಆಧುನಿಕ ಎನಿಸಿಕೊಂಡರೆ ನಾಳೆ ಕಲಾಸಂಘದ ಅಧ್ಯಕ್ಷಗಿರಿ ಅವನದೇ.

ಆವೇಶದಲ್ಲಿ ಬೀಸಿದ ಕೈ ತಗುಲಿ ಚಿತ್ರ ಉರುಳಿತು. ಗಾಬರಿಯಲ್ಲಿ ಅದರ ಮೇಲೇ ಬೂಟುಗಾಲಿಟ್ಟ. ಮರುಕ್ಷಣ ಆ ಮಹಾ ಆಧುನಿಕ ಬಗ್ಗಿ, ಚಿತ್ರವನ್ನು ಮುಟ್ಟಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡ.

ನಗುವಿಗೆ ನಾಲ್ಕನೇ ಬ್ಲಾಕಿನ ಕಿಟಕಿಗಳೆಲ್ಲ ಅದುರಿದವು. ಪಂಕಜಮ್ಮ ಮಾತ್ರ ನಗಲಿಲ್ಲ. "ಎರಡು ಕಾಲೂ ತಾಗಿದೆ ಸಾರ್, ಇನ್ನೊಂದ್ಸಲ ಒತ್ಕೊಳ್ಳಿ," ಎಂದರು.