ಮೂರನೆಯ ಫಿಲ್ಮು

ಮತ್ತೆ ಅದೇ ಜಾಗ. ಮೊಲೆತೊಟ್ಟಿನಿಂದ ಎರಡು ಬೆರಳು ಮೇಲೆ, ಯಾರೋ ರಾಗಿ ಚೆಲ್ಲಿದ ಹಾಗೆ ಐದಾರು ಬಿಳಿ ಚುಕ್ಕೆ.

ಶಾಮಲಮ್ಮ ತೊಟ್ಟಿಕ್ಕುತ್ತಿದ್ದ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಂಬತ್ತಾರನೇ ಇಸವಿಯ ಮುಳಬಾಗಿಲಿನ ಆರೋಗ್ಯ ಶಿಬಿರದಲ್ಲಿ ಸ್ತನದ ಎಕ್ಸ್-ರೇ ತೆಗೆಯುವವಳು ಅವಳೊಬ್ಬಳೇ. ಮೊದಲ ಫಿಲ್ಮಿನಲ್ಲಿ ಚುಕ್ಕೆ ಕಂಡಾಗ ದೂಳೆಂದುಕೊಂಡು, ಫಿಲ್ಮ್ ಇಡುವ ಕ್ಯಾಸೆಟ್ಟನ್ನು ಒರೆಸಿದ್ದಳು. ಇದು ಎರಡನೆಯದು.

“ಇನ್ನೊಂದ್ಸಲ ನಿಂತ್ಕೋಬೇಕಮ್ಮ,” ಎಂದಳು ಪರದೆಯಾಚೆಗೆ.

“ಅಯ್ಯೋ ದೇವುಡಾ! ಲಗ್ನದ ಫೋಟೋನೇ ಒಂದು ಸಲಕ್ಕೆ ಮುಗೀತಲ್ಲೇ!” ಅಂದಳು ದೊಡ್ಡಗಂಗಮ್ಮ. ತಂಗಿ ಮುನಿಶಾಮಮ್ಮನನ್ನು ನಂಗಲಿಯಿಂದ ಲಾರಿ ಹತ್ತಿಸಿಕೊಂಡು ಬಂದವಳು ಅವಳೇ. ತಂಗಿ ಮಾತ್ರ ತುಟಿ ಬಿಚ್ಚಿರಲಿಲ್ಲ. ಎರಡು ಸಲವೂ ಗಡಗಡ ನಡುಗುತ್ತಲೇ ನಿಂತಿದ್ದಳು.

ಶಾಮಲಮ್ಮ ಒಳಗೆ ಹೋಗಿ ಬೇರೆ ಕ್ಯಾಸೆಟ್ಟು ತಂದಳು. ಯಂತ್ರದ ಮುಂದೆ ಹೆಂಗಸು ಸಿದ್ಧವಾಗಿದ್ದಳು. ಇಲ್ಲಿಗೆ ಬರುವ ಎಲ್ಲರ ಹಾಗೇ ಎದೆ ತೆರೆದು, ಮುಖದ ತುಂಬ ಸೆರಗೆಳೆದುಕೊಂಡು. ನಾಚಿಕೆ ಇರುವುದು ಮುಖದಲ್ಲಲ್ಲವೇ! ಈ ಸಲ ಕಲ್ಲಿನ ಹಾಗೆ ನಿಂತಳು.

ಮೂರನೆಯ ಫಿಲ್ಮು ತಿಳಿಯಾಗಿತ್ತು.

“ಬರೀ ದೂಳು ಕಣಮ್ಮ. ಏನೂ ಇಲ್ಲ, ಹೋಗ್ಬನ್ನಿ.”

ಹಾಳಾದ ಎರಡನ್ನು ಡಬ್ಬಕ್ಕೆ ಹಾಕಿದಳು. ಆದರೆ ಚುಕ್ಕೆಗಳು ಅವಳನ್ನು ಬಿಡಲಿಲ್ಲ. ಎಸರಿಗೆ ಹಿಟ್ಟು ಸುರಿದರೆ ಆವಿಯಲ್ಲಿ ಕಂಡವು, ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ.

ಶನಿವಾರ ಡಾಕ್ಟರ್ ಕೋದಂಡರಾಮಪ್ಪ ಹಾಳಾದ ಫಿಲ್ಮುಗಳನ್ನು ಪರೀಕ್ಷಿಸುವ ದಿನ. ಆ ಎರಡನ್ನೂ ಅಕ್ಕಪಕ್ಕ ಬೆಳಕಿಗಿಟ್ಟು ತುಂಬ ಹೊತ್ತು ನೋಡಿದರು.

“ದೂಳಾದ್ರೆ ಕ್ಯಾಸೆಟ್ಟಲ್ಲಿ ಕೂತಲ್ಲೇ ಕೂತಿರುತ್ತೆ, ಶಾಮಲಮ್ಮ. ಎರಡನೇ ಸಲ ಎದೆ ಒಂದಂಗುಲ ಸರಿದಿದೆ. ಚುಕ್ಕೆನೂ ಜೊತೇಲೇ ಸರಿದಿವೆ. ಕ್ಯಾನ್ಸರ್ ಹೀಗೇ ಮೊಳೆಯೋದು. ಈಗ ಕರೆಸಿದ್ರೆ ಜೀವ ಉಳಿಯುತ್ತೆ.”

“ಮತ್ತೆ ಮೂರನೇದ್ರಲ್ಲಿ ಇಲ್ವಲ್ಲ ಸಾರ್?”

ಡಾಕ್ಟರು ದಾಖಲೆ ಪುಸ್ತಕ ತೆರೆದು ಮುನಿಶಾಮಮ್ಮನ ಊರಿನ ಮೇಲೆ ಬೆರಳಿಟ್ಟರು.

ಮಧ್ಯಾಹ್ನದ ಬಸ್ಸಿಗೇ ನಂಗಲಿಗೆ ಓಡಿದಳು. ದೊಡ್ಡಗಂಗಮ್ಮ ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದಳು.

“ನಿಮ್ಮ ತಂಗಿ ಎದೇಲಿ ಎರಡು ಸಲ ಕಂಡಿದ್ದು, ಮೂರನೇ ಸಲಕ್ಕೆ ಹೆಂಗಮ್ಮ ಮಾಯವಾಯ್ತು?”

ದೊಡ್ಡಗಂಗಮ್ಮ ಹೆಮ್ಮೆಯಿಂದ ನಕ್ಕಳು.

“ಅವಳ ಕೈಲಿ ಆಗ್ಲಿಲ್ಲ ಕಣಮ್ಮ, ಪಾಪ. ತಂಗಿ ಹೊತ್ತ ಹರಕೇನ ಅಕ್ಕ ತೀರಿಸಲ್ವಾ? ಮೂರನೇ ಸಲ ನಾನೇ ನಿಂತ್ಕೊಂಡೆ.”