ಮಾತಿಲ್ಲದ ಜ್ಞಾನಿ

ಗೋದಲಿಯಲ್ಲಿ ಕೂಸೇ ಇರಲಿಲ್ಲ. ಕ್ರಿಸ್‌ಮಸ್ ನಾಟಕದ ಮೂವರು ಜ್ಞಾನಿಗಳು ಕಾಣಿಕೆ ಹಿಡಿದು ಬರಿಯ ಹುಲ್ಲನ್ನೇ ನೋಡುತ್ತ ನಿಂತರು. ಯೇಸುವಾಗಿ ಮಲಗಿದ್ದ ಬೇಕರಿಯವನ ಎಳೆಗೂಸು ರಚ್ಚೆ ಹಿಡಿದಿದ್ದರಿಂದ, ದೃಶ್ಯ ಬದಲಾಗುವಾಗ ತಾಯಿ ಅದನ್ನು ಎತ್ತಿಕೊಂಡು ಹೋಗಿದ್ದಳು. ಮೊದಲನೆಯ ಜ್ಞಾನಿಗೆ ಮಾತೇ ಮರೆತುಹೋಯಿತು. ಎರಡನೆಯವನು ಗಡ್ಡ ಕೆರೆದುಕೊಂಡ. ಚರ್ಚಿನ ತುಂಬ ನಗು ಹಬ್ಬಿತು.

ಮೂರನೆಯವನು ಕ್ಷೌರಿಕ. ತೊದಲುತ್ತಾನೆಂದು ಅವನಿಗೆ ಮಾತು ಕೊಟ್ಟಿರಲಿಲ್ಲ. "ಮಾವ, ನೀನು ಸುಮ್ನೆ ಬಂದು ಮಂಡಿ ಊರು, ಅಷ್ಟು ಸಾಕು," ಎಂದಿದ್ದಳು ಅವನ ಅಕ್ಕನ ಮಗಳು; ನಾಟಕ ಕಲಿಸಿದವಳು ಅವಳೇ. ಈಗ ಪರದೆಯ ಸಂದಿಯಿಂದ, "ಊರಿಬಿಡು ಮಾವ, ಬೇಗ!" ಎಂದು ಪಿಸುಗುಟ್ಟಿದಳು.

"ಯಾ... ಯಾರಿಗೆ?" ಎಂದ ಅವನು.

ಎಂದವನೇ ಮೆಟ್ಟಿಲಿಳಿದ. ಚಿನ್ನದ ಕಾಗದ ಸುತ್ತಿದ ತನ್ನ ಅಂಗಡಿಯ ಪೌಡರ್ ಡಬ್ಬಿಯನ್ನು ಎದೆಗೆ ಅವಚಿಕೊಂಡು, ಬೆಂಚುಗಳ ಸಾಲು ಸಾಲನ್ನೂ ಇಣುಕುತ್ತ ನಡೆದ. "ಇವನಿಗೇನು ತಲೆ ಕೆಟ್ಟಿತಾ?" ಎಂದರು ಯಾರೋ. ಕೊನೆಯ ಬೆಂಚಿನಲ್ಲಿ, ತಾಯಿಯ ಮಡಿಲಲ್ಲಿ ಮಗು ಬಿಕ್ಕುತ್ತಿತ್ತು. ಅವನು ಕಿರೀಟ ತೆಗೆದು ನೆಲದ ಮೇಲಿಟ್ಟ. ಮಂಡಿಯೂರಿ, ಡಬ್ಬಿಯನ್ನು ಆ ಪುಟ್ಟ ಪಾದಗಳ ಬಳಿ ಹಿಡಿದ. ಮಗು ಅಳು ನಿಲ್ಲಿಸಿ ಅವನ ಅಂಟುಗಡ್ಡವನ್ನು ಕಿತ್ತುಕೊಂಡಿತು.

"ಇಲ್ಲಿದ್ದಾನೆ!" ಎಂದು ಅವನು ಕೂಗಿದ. ಒಂದಕ್ಷರವೂ ತಡವರಿಸಲಿಲ್ಲ. "ಇಲ್ಲಿದ್ದಾನೆ ನಮ್ಮಪ್ಪ! ಬನ್ರೋ ಎಲ್ಲ!"

ಬೆಂಚುಗಳು ಕಿರುಗುಟ್ಟಿದವು. ಇಡೀ ಚರ್ಚು ರಂಗಕ್ಕೆ ಬೆನ್ನು ತಿರುಗಿಸಿ ಮಂಡಿಯೂರಿತು.