ಒಂದು ಮಂಕರಿ ಬೂದು ಮರಿ

ತಂಗಿ ಅಣ್ಣಮ್ಮನ ಹಿತ್ತಿಲಲ್ಲಿ ಕೋಳಿ ಮುಚ್ಚಿದ್ದ ಮಂಕರಿ ಎತ್ತಿದ ಬೈರಯ್ಯ ಅದನ್ನು ಕೆಳಗಿಡುವುದನ್ನೇ ಮರೆತ. ಕರಿ ಹೇಂಟೆಯ ಸುತ್ತ ಚಿಂವ್ ಚಿಂವ್ ಎನ್ನುತ್ತಿದ್ದ ಮರಿಗಳೆಲ್ಲ ಬೂದು! ಆಗತಾನೆ ಒಲೆಯಿಂದ ಬಳಿದ ಬೂದಿಯಷ್ಟು ನುಣುಪು. ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದ, ಹೇಂಟೆಯ ರೆಕ್ಕೆಯಡಿಗೂ ಕೈ ಹಾಕಿ ತಡಕಿದ, ಕುಕ್ಕಿಸಿಕೊಂಡ. ಹೆಸರಿಗೊಂದು ಕರಿ ಮರಿ? ಊಹೂಂ. ಬಿಳಿಯದು? ಅದೂ ಇಲ್ಲ.

ಉಲ್ಲಾಳದಲ್ಲಿ ಬೂದುಕೋಳಿ ನೋಡಬೇಕೆಂದರೆ ಬೈರಯ್ಯನ ತಾರಸಿ ಹತ್ತಬೇಕು. ಮೋಡದ ಬಣ್ಣದ ಗರಿ, ಒಂದೊಂದು ಗರಿಗೂ ಸೀರೆಗೆ ಇಟ್ಟ ಹಾಗೆ ಕಪ್ಪು ಅಂಚು. ಆ ಬಣ್ಣವೆಂದರೆ ಅವನಿಗೆ ಪ್ರಾಣ. ಬೂದು ಹುಂಜಕ್ಕೆ ಬೂದು ಹೇಂಟೆಯನ್ನೇ ಬಿಡುತ್ತಿದ್ದ; ಬೇರೆ ಬಣ್ಣದ್ದು ಹತ್ತಿರ ಸುಳಿದರೆ ಕೋಲು ಹಿಡಿದು ಅಟ್ಟುತ್ತಿದ್ದ. ಆದರೂ ಅದೇನು ಗ್ರಹಚಾರವೋ, ಮರಿಗಳಲ್ಲಿ ಅರ್ಧಕ್ಕರ್ಧ ಮಾತ್ರ ಬೂದು. ಮಿಕ್ಕವು ಕೆಲವು ಕಾಡಿಗೆ ಕಪ್ಪು, ಕೆಲವು ಬಿಳಿ ಮೈಮೇಲೆ ಅಲ್ಲಲ್ಲಿ ಬೂದಿ ಚಿಮುಕಿಸಿದಂಥವು. ಅವನ್ನೆಲ್ಲ ಬೈದುಕೊಂಡು ತಂಗಿಯ ಹಿತ್ತಿಲಿಗೆ ದಾಟಿಸುತ್ತಿದ್ದ.

ಅಂಥ ಬೈರಯ್ಯನ ಮಗಳು ಸುಮಾ, ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ಯುಗಾದಿ ಕಳೆಯುತ್ತಲೇ ರಾಜಾಜಿನಗರದ ಗಿರಿರಾಜನನ್ನು ಮದುವೆಯಾಗುತ್ತೇನೆ ಎಂದುಬಿಟ್ಟಿದ್ದಳು. ಕೋಳಿಯಿರಲಿ, ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಲಿಂಗಾಯತರ ಮನೆ! “ನಮ್ಗೆ ನಮ್ಮೋರು, ಅವ್ರಿಗೆ ಅವ್ರೋರು” ಎಂದು ಮುಚ್ಚಿದ ಬಾಯನ್ನು ಬೈರಯ್ಯ ಮತ್ತೆ ತೆರೆದಿರಲಿಲ್ಲ. ಸುಮಾ ಸೋದರತ್ತೆ ಅಣ್ಣಮ್ಮನ ಮನೆ ಸೇರಿದ್ದಳು. ಅವಳಿಲ್ಲದ ಮನೆ ಅವನಿಗೆ ಬಿಕೋ ಎನ್ನುತ್ತಿತ್ತು, ಹೇಳುವುದು ಯಾರಿಗೆ? ತಾರಸಿಗೆ ಹೋಗಿ ಕೋಳಿಗಳ ಹತ್ತಿರ ಗೊಣಗುತ್ತಿದ್ದ.

“ನನ್ ಹುಂಜ ಏನಾದ್ರೂ ಗೋಡೆ ಹಾರಿ ಬಂದಿತ್ತೇನೇ?” ಎಂದ ತಂಗಿಗೆ.

“ನೀನೆಲ್ಲಿ ಬಿಡ್ತೀಯ ಅಣ್ಣಯ್ಯ!” ಅಣ್ಣಮ್ಮ ನಕ್ಕಳು. “ತಾಯಿ ಅಂದ್ರೆ ನೀನು ಬ್ಯಾಡ ಅಂತ ಕೊಟ್ಟಿದ್ದ ಈ ಕರೀದು. ಅಪ್ಪ ನೀನು ಬ್ಯಾಡ ಅಂತ ಕೊಟ್ಟಿದ್ದ ಬಿಳೀದು, ಅಗೋ ಕಾಂಪೌಂಡ್ ಮೇಲೆ ನಿಂತೈತೆ.”

“ಸುಳ್ಳು ಹೇಳ್ಬ್ಯಾಡ.”

“ನಾನ್ಯಾಕ್ ಸುಳ್ಳು ಹೇಳ್ಲಿ? ಇವೆರಡನ್ನೇ ಬೇರೆ ಒಂದ್ ಗೂಡಿಗೆ ಹಾಕಿ ಜೋಡಿ ಮಾಡಿದ್ದೇ ನಿನ್ ಮಗಳು.”

ಹಿತ್ತಿಲ ಬಾಗಿಲಲ್ಲಿ ಸುಮಾ ನುಚ್ಚಿನ ತಟ್ಟೆ ಹಿಡಿದು ನಿಂತಿದ್ದಳು. ಬೈರಯ್ಯ ಅತ್ತ ತಿರುಗಲಿಲ್ಲ. “ಹೆಂಗಂತೆ ಇದು, ಕೇಳು ಅವ್ಳನ್ನ” ಎಂದ.

“ಅಪ್ಪಂಗೆ ಹೇಳಿ ಅತ್ತೆ,” ಸುಮಾಳೂ ಬಿಡಲಿಲ್ಲ. “ಕರೀದು ಅರ್ಧ ಕೊಟ್ಟು, ಬಿಳೀದು ಅರ್ಧ ಕೊಟ್ರೇನೇ ಬೂದು ಆಗೋದು. ಬೂದಿಗೆ ಬೂದೇ ಹಾಕ್ತಾ ಇದ್ರೆ ಅರ್ಧ ಮರಿ ವಾಪಸ್ ಕಪ್ಪು, ಬಿಳಿ ಆಗೇ ಆಗ್ತವೆ. ಇವೆರಡನ್ನ ಹಾಕಿದ್ರೆ ಒಂದೂ ತಪ್ಪಲ್ಲ. ಎಲ್ಲಾ ಬೂದೇ.”

ಬೈರಯ್ಯ ಒಂದು ಮರಿಯನ್ನು ಬಿಸಿಲಿಗೆ ಹಿಡಿದ. ಎಲಾ ಇದರ! ಕಾಂಪೌಂಡ್ ಮೇಲಿನ ಬಿಳಿ ಹುಂಜವನ್ನು ನೋಡಿದ, ಕಾಲ ಬಳಿ ಕೆದರುತ್ತಿದ್ದ ಕರಿ ಹೇಂಟೆಯನ್ನು ನೋಡಿದ, ಮತ್ತೆ ಮರಿಯನ್ನು ನೋಡಿದ. ಇಷ್ಟು ಕಾಲ ಕೋಲು ಹಿಡಿದು ತಾನು ಅಟ್ಟಿದ್ದು ಏನನ್ನು? ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಮಗಳ ಮೇಲೆ ಹೆಮ್ಮೆ ಉಕ್ಕಿ ಬಂತು. ಬಾಗಿಲ ಕಡೆ ತಿರುಗಿದ.

“ಸುಮಾ.”

ತಟ್ಟೆಯಲ್ಲಿದ್ದ ನುಚ್ಚು ಅರ್ಧ ನೆಲಕ್ಕೆ ಚೆಲ್ಲಿತು. ಕೋಳಿಗಳು ಮುಗಿಬಿದ್ದವು.

“ಭಾನುವಾರ ಆ ಹುಡುಗನ ಅಪ್ಪ ಅಮ್ಮನ್ನ ನಮ್ಮನೆಗೆ ಊಟಕ್ಕೆ ಬರೋಕ್ ಹೇಳವ್ವ.”

ಸುಮಾಳ ಕಣ್ಣು ತುಂಬಿತು. ಅಣ್ಣಮ್ಮ ಸೆರಗಿಗೆ ಕೈ ಒರೆಸುತ್ತ, “ಅಡುಗೆಗೆ ಏನ್ ಮಾಡಣ ಅಣ್ಣಯ್ಯ?” ಎಂದಳು.

ಬೈರಯ್ಯ ಮರಿಯನ್ನು ಮೆಲ್ಲಗೆ ಹೇಂಟೆಯ ಪಕ್ಕ ಬಿಟ್ಟ.

“ಹೋಳಿಗೆ ಮಾಡು. ಬೀಗರು ಬಂದ್ರೂ ಕೋಳಿಗಳು ಹೆದರ್ಕೊಳ್ದೆ ಇರೋದು ನಮ್ ವಂಶದಲ್ಲೇ ಇದು ಮೊದಲು.”